ಆಮೆಯ ಬೆನ್ನೇರಿದ ನರಸಿಂಹ

ಹಾಸನದವನಿಗೆ ಸಮುದ್ರ ಅಂದ್ರೆ ಏನ್ ಸ್ವಾಮಿ? ಡ್ಯುಯೆಟ್ಟಿನಲ್ಲಿ ನಾಯಕಿಯ ಹಿಂದೆ ಕಾಣೋ ನೀಲಿ ಬಣ್ಣ, ಅಷ್ಟೇ! ನಮ್ಮ ನೀರಿನ ಅನುಭವವೆಲ್ಲ ಗೊರೂರು ಡ್ಯಾಮಿನದು. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲೋ ಶೆಟ್ಟಿಹಳ್ಳಿ ಚರ್ಚು ನೋಡಿ ಮೀಸೆ ತಿರುವಿದವರು ನಾವು. ಅಂಥ ನನ್ನನ್ನು ಅರಕಲಗೂಡಿನ ಗೆಳೆಯನೊಬ್ಬ ಪುಷ್ಯ ಹುಣ್ಣಿಮೆಗೆ ಕಾರವಾರಕ್ಕೆ ಎಳಕೊಂಡು ಹೋದ.

ಶಿರಾಡಿ ಘಾಟಿ ಇಳಿದು, ಮಂಗಳೂರಲ್ಲಿ ಬಸ್ಸು ಬದಲಿಸಿ, ಹೊನ್ನಾವರ ಬಂತು ನೋಡಿ, ಪುಣ್ಯಾತ್ಮ ಸೀಟಿಂದ ಎದ್ದು ಕೈ ಮುಗಿದ. "ಶಂಕರಣ್ಣನ ಸೀಮೆ ಕಣೋ!" 1980ರ 'ಆಟೋರಾಜ'ದಿಂದ ಇವತ್ತಿನವರೆಗೂ ನಮ್ಮೂರ ಆಟೋಗಳ ಬೆನ್ನ ಮೇಲೆ ಕೂತಿರುವ ಶಂಕರ್‌ನಾಗ್ ಆ ಕಡೆಯವರೇ. ನಾನೂ ಮುಗಿದೆ. ಕಂಡಕ್ಟರ್ ನಕ್ಕ.

ಕಾಳಿ ನದಿ ಕಡಲು ಸೇರುವ ಕೋಡಿಬಾಗದ ಹತ್ತಿರ ದೋಣಿ ಹತ್ತಿದೆವು. ಕೂರ್ಮಗಡ ಹೆಸರಿಗೆ ತಕ್ಕ ಹಾಗೆ ನೀರಲ್ಲಿ ತೇಲೋ ಆಮೆಯೇ. ಅದರ ಬೆನ್ನ ಮೇಲೆ ನರಸಿಂಹ ದೇವರ ಗುಡಿ. ಕರಾವಳಿಯ ಮೀನುಗಾರರಿಗೆ ಇವನ ಮೇಲೆ ಬಲು ಭಕ್ತಿ. ಜಾತ್ರೆಯ ದಿನ ಬಲೆ ಬದಿಗಿಟ್ಟು, ದೋಣಿಗೆ ಬಾವುಟ, ಹೂವು ಕಟ್ಟಿ, ಹೆಂಡತಿ ಮಕ್ಕಳ ಸಮೇತ ಹೊರಡುತ್ತಾರೆ. ಕೊಂಕಣಿ ಮಾತು, ಬಾಳೆಗೊನೆ, ನಗು, ಗದ್ದಲ!

ನಮ್ಮವನಿಗೆ ಹುರುಪು ಬಂತು. ದೋಣಿಯ ಮೂತಿಯ ಮೇಲೆ ನಿಂತು ಎರಡೂ ಕೈ ಚಾಚಿ, "ಹೊಡಿಯೋ ಫೋಟೋ" ಅಂದ. ಕ್ಯಾಮೆರಾ ಎತ್ತಿದ್ದೆ. ಚುಕ್ಕಾಣಿ ಹಿಡಿದಿದ್ದ ಮುದುಕ ಗುಡುಗಿದ: "ಕೂತ್ಕೊಳ್ಳಾ!" ಒಂದು ಲೈಫ್ ಜಾಕೆಟ್ ಅವನ ಎದೆಗೆ ಬಂದು ಬಿತ್ತು. ಆಮೇಲೆ ತಣ್ಣಗೆ ಹೇಳಿದ. 2019ರ ಜನವರಿ 21, ಇದೇ ಜಾತ್ರೆ. ಜನ ತುಂಬಿಕೊಂಡು ವಾಪಸಾಗುತ್ತಿದ್ದ ದೋಣಿ ಮಗುಚಿತು. 16 ಜನ ಹೋದರು. ಹಾವೇರಿ ಕಡೆಯವರೂ ಇದ್ದರು, ನಿಮ್ಮ ಹಾಗೇ ಕಡಲು ಅರಿಯದವರು. "ಅಲೆಗೆ ನಿಮ್ಮ ಹೀರೋ ಗೊತ್ತಿಲ್ಲ ತಮ್ಮಾ."

ಅಲ್ಲಿಂದ ಗುಡಿ ಮುಟ್ಟುವ ತನಕ ನಮ್ಮಿಬ್ಬರದೂ ಮಾತಿಲ್ಲ.

ದೇವರ ಮುಂದೆ ನಿಂತಾಗ ನನಗೆ ರಾಮನಾಥಪುರ ನೆನಪಾಯಿತು. ಅಲ್ಲಿ ಕಾವೇರಿಯ ಮೀನಿಗೆ ಪುರಿ ಹಾಕಿ ಕೈ ಮುಗೀತೀವಿ. ಹಿಡಿಯೋ ಹಾಗಿಲ್ಲ, ಅವು ದೇವರ ಮೀನು. ಇಲ್ಲಿ ಮೀನು ಹಿಡಿಯೋನೇ ದೇವರ ಮುಂದೆ ನಿಂತು ಬಲೆ ತುಂಬಲಿ ಅಂತಾನೆ. ಪಕ್ಕದಲ್ಲಿದ್ದ ಅವನ ಹೆಂಡತಿ ಕಣ್ಣು ಮುಚ್ಚಿ ಏನು ಕೇಳಿದಳೋ! ಬಲೆಯ ಮಾತಂತೂ ಆಗಿರಲಾರದು.

ವಾಪಸು ಬರುವಾಗ ಗೆಳೆಯ ದೋಣಿಯ ನಡುವೆ, ಬಾಳೆಹಣ್ಣಿನ ಬುಟ್ಟಿ ಪಕ್ಕ, ಜಾಕೆಟ್ಟಿನ ದಾರ ಎರಡೂ ಕೈಲಿ ಹಿಡಿದು, ಕಣ್ಣು ಮುಚ್ಚಿ ಕೂತಿದ್ದ. ಆಗ ಹೊಡೆದೆ ಫೋಟೋ. ಊರಲ್ಲಿ ಯಾರಿಗೂ ತೋರಿಸಬೇಡ ಅಂತ ಎರಡು ಮಸಾಲೆ ದೋಸೆ ಕೊಡಿಸಿದ್ದಾನೆ. ಮೂರನೇದಕ್ಕೆ ಕಾಯ್ತಾ ಇದ್ದೀನಿ.