ಲ್ಯಾಬಲ್ಲಿ ಓಡುತ್ತೆ ಸ್ವಾಮಿ

‘ನನ್ನ ಮಷೀನಲ್ಲಿ ಓಡುತ್ತಲ್ಲ’ ಅಂದರೆ ನಮ್ಮ ಆಫೀಸಿನ ಟೆಸ್ಟರ್‌ಗಳು ನಗುತ್ತಾರೆ. ನ್ಯಾನೊ ಬಯೋಸೆನ್ಸರ್‌ಗಳ ಲೋಕದಲ್ಲಿ ಅದೇ ಮಾತಿಗೆ ಪೇಪರ್ ಪಬ್ಲಿಷ್ ಆಗುತ್ತೆ.

ವಿದ್ಯೆ ದೊಡ್ಡದೇ, ಇಲ್ಲ ಅನ್ನಲ್ಲ. ಹೃದಯದ ಸ್ನಾಯುವಿಗೆ ಪೆಟ್ಟಾದರೆ ಟ್ರೋಪೋನಿನ್ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಅದನ್ನು ಹಿಡಿಯುವ ಆಂಟಿಬಾಡಿಗೆ ಎಂಜೈಮ್ ಕಟ್ಟಿ ಬಣ್ಣ ಬರಿಸುವುದು 1971ರಿಂದಲೂ ಇರುವ ಎಲೈಸಾ ವಿಧಾನ. ಈಗ ಚಿನ್ನದ ನ್ಯಾನೊಕಣವೊಂದರ ಮೈತುಂಬ ಎಂಜೈಮ್ ಅಂಟಿಸುತ್ತಾರೆ. ಸಿಕ್ಕಿದ್ದು ಒಂದೇ ಪ್ರೋಟೀನಾದರೂ ಅದರ ಪರವಾಗಿ ಕೂಗುವ ಎಂಜೈಮ್‌ಗಳು ಹತ್ತಾರು.

ಆದರೆ ಎಷ್ಟೋ ದಾಖಲೆಗಳು ಹುಟ್ಟೋದು ಶುದ್ಧ ಬಫರ್ ದ್ರಾವಣದಲ್ಲಿ. ನಮ್ಮೂರ ರೈತನ ಮೈಯಲ್ಲಿ ಹರಿಯೋದು ಬಫರ್ ಅಲ್ಲ. ಒಂದು ಲೀಟರ್ ಸೀರಮ್‌ನಲ್ಲಿ ಆಲ್ಬುಮಿನ್ ಒಂದೇ 35ರಿಂದ 50 ಗ್ರಾಂ. ಟ್ರೋಪೋನಿನ್ ಹುಡುಕಬೇಕಾದ್ದು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ. ತೇರಿಗೆ ಜನ ಮುತ್ತಿದಂತೆ ಆಲ್ಬುಮಿನ್ ಕಣವನ್ನು ಮುತ್ತಿಕೊಂಡರೆ ಆಂಟಿಬಾಡಿಗೆ ದಾರಿಯೆಲ್ಲಿ?

ಇನ್ನು ಬಿಸಿಲು. ಕರೆಂಟ್ ಹೋಗಿ ಫ್ರಿಜ್ ನಿಂತರೆ ಎಂಜೈಮಿನ ಕಸುವು ಇಳಿಯುತ್ತೆ. ಕಬ್ಬಿಣದ ಆಕ್ಸೈಡ್ ನ್ಯಾನೊಕಣವೇ ಪೆರಾಕ್ಸಿಡೇಸ್ ಎಂಜೈಮಿನ ಕೆಲಸ ಮಾಡುತ್ತೆ, ಬಿಸಿಗೆ ಅಷ್ಟಾಗಿ ಬೆದರಲ್ಲ ಅಂತ 2007ರಲ್ಲೇ ಚೀನಾದ ವಿಜ್ಞಾನಿಗಳು ತೋರಿಸಿದ್ದಾರೆ. ನ್ಯಾನೊ ಬೇಕಾಗಿರೋದು ಅಲ್ಲಿ!

ಅತಿ ಸೂಕ್ಷ್ಮ ಅಂತ ಎದೆ ತಟ್ಟಿಕೊಳ್ಳುವವರಿಗೆ ನನ್ನ ಟೆಸ್ಟ್ ಕೇಸ್ ಇಷ್ಟೇ: ಕಿಟ್ಟನ್ನು ರಾಯಚೂರಿನ ಮೇ ತಿಂಗಳಲ್ಲಿ ಫ್ರಿಜ್ ಇಲ್ಲದೆ ಇಡಿ. ಆಮೇಲೆ ಬೆರಳು ಚುಚ್ಚಿ ತೆಗೆದ ರಕ್ತ ಹಾಕಿ. ಆ ಅಂಕಿಯನ್ನು ಪೇಪರಿನ ಮೊದಲ ಪುಟದಲ್ಲೇ ಬರೆಯಿರಿ.