ದುಡ್ಡು ಕೊಟ್ಟು ಹಸಿವು ಕೊಳ್ಳಬೇಡಿ!

ರಾಮನಗರದಲ್ಲಿ ರೇಷ್ಮೆಗೂಡು ಮಾರುತ್ತದೆ, ಚನ್ನಪಟ್ಟಣದಲ್ಲಿ ಬಣ್ಣದ ಬೊಂಬೆ ಮಾರುತ್ತದೆ, ಮಾಗಡಿಯಲ್ಲಿ ಅವರೆಕಾಯಿ, ಕನಕಪುರದಲ್ಲಿ ರಾಗಿ ಮಾರುತ್ತದೆ. ಈಗ ನಾಲ್ಕೂ ಊರುಗಳಿಗೆ ಹೊಸ ಸರಕೊಂದು ಬಂದಿದೆ. ಅದರ ಹೆಸರು ಹಸಿವು. ನಮ್ಮ ಹಿರಿಯರು ಬರಗಾಲದಲ್ಲಿ ಪುಕ್ಕಟೆಯಾಗಿ ಉಂಡ ಈ ಹಸಿವನ್ನು ಡಬ್ಬಿಯಲ್ಲಿ ತುಂಬಿ, ಮೇಲೆ ‘ಡಯಟ್’ ಎಂಬ ಚೀಟಿ ಅಂಟಿಸಿ, ದುಡಿಯುವ ಜನರಿಗೇ ಮಾರಲಾಗುತ್ತಿದೆ.

ಮುದ್ದೆ ಬಿಡಿ, ರಾತ್ರಿಯ ಊಟ ಬಿಡಿ, ಈ ಪುಡಿಯನ್ನು ನೀರಿಗೆ ಕದಡಿ ಕುಡಿಯಿರಿ, ತಿಂಗಳೊಳಗೆ ಹತ್ತು ಕಿಲೋ ಇಳಿಯಿರಿ ಎಂಬುದು ಈ ವ್ಯಾಪಾರದ ಮಂತ್ರ. ಇಳಿಯದಿದ್ದರೆ? ತಪ್ಪು ಪುಡಿಯದಲ್ಲ, ನಿಮ್ಮ ನಾಲಿಗೆಯದು! ಇಳಿದ ತೂಕ ಮರಳಿ ಬಂದರೆ? ಇನ್ನೊಂದು ಡಬ್ಬಿ ಕೊಳ್ಳಿ. ಗಿರಾಕಿ ಸೋತಷ್ಟೂ ಅಂಗಡಿ ಗೆಲ್ಲುವ ಇಂಥದನ್ನು ಯಾವ ಪ್ರಾಮಾಣಿಕ ವರ್ತಕನಾದರೂ ವ್ಯಾಪಾರವೆಂದು ಕರೆದಾನೆಯೇ?

ತೂಕ ಮರಳುವುದು ನಾಲಿಗೆಯ ದೋಷವಲ್ಲ, ದೇಹದ ಧರ್ಮ. ಎರಡನೇ ಮಹಾಯುದ್ಧದ ಕಾಲದಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಈ ವಿಷಯವನ್ನು ಪರೀಕ್ಷಿಸಿ ನೋಡಿದರು. ತಾವಾಗಿಯೇ ಮುಂದೆ ಬಂದ 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಯುವಕರು ಬಡಕಲಾದರು, ಚಳಿ, ಸುಸ್ತು, ಸಿಡುಕು, ಮಂಕು ಕವಿದವು. ಹಗಲಿರುಳೂ ಅನ್ನದ್ದೇ ಧ್ಯಾನ. ಅಡುಗೆ ಪುಸ್ತಕ ಓದುತ್ತ ಕೂತವರೂ ಇದ್ದರು. ಊಟ ಮರಳಿ ಕೊಟ್ಟಾಗ ಎಷ್ಟು ತಿಂದರೂ ತೃಪ್ತಿಯಿಲ್ಲ. ಹಸಿದ ದೇಹ ಖರ್ಚು ಇಳಿಸಿ, ಸಿಕ್ಕಿದ್ದನ್ನು ಕೂಡಿಡಲು ಹವಣಿಸುತ್ತದೆ. ಬರ ಕಂಡ ಒಕ್ಕಲಿಗ ಕಣಜ ತುಂಬಿಕೊಳ್ಳುವಂತೆಯೇ ಇದು.

ಇಂದು ಕೈಯಿಂದ ಕೈಗೆ ಹರಿದಾಡುವ ಡಯಟ್ ಪಟ್ಟಿಗಳಲ್ಲಿ ಎಷ್ಟೋ 1,200 ಕ್ಯಾಲೊರಿಯವು. ವಿಜ್ಞಾನಿಯೊಬ್ಬರು ಅರೆಹೊಟ್ಟೆ ಎಂದು ಕರೆದದ್ದಕ್ಕಿಂತ ಕಡಿಮೆ ಊಟವನ್ನು ನಮಗೆ ಆರೋಗ್ಯವೆಂದು ಬೋಧಿಸುತ್ತಿದ್ದಾರೆ! ಹಗಲೆಲ್ಲ ಹೊಟ್ಟೆ ಕಟ್ಟಿದವರು ಸಂಜೆ ಬೇಕರಿಯ ಮುಂದೆ ಸೋಲುವುದರಲ್ಲಿ, ಸೋತು ನಾಚುವುದರಲ್ಲಿ ಏನಾಶ್ಚರ್ಯ?

ಪಥ್ಯ ಬೇರೆ, ಇದು ಬೇರೆ

ನಾವು ಪಥ್ಯವನ್ನು ಹಳಿಯುತ್ತಿಲ್ಲ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ವೈದ್ಯರು ಹೇಳಿದ ಪಥ್ಯವನ್ನು ತಪ್ಪದೆ ನಡೆಸತಕ್ಕದ್ದು. ಉಪವಾಸವನ್ನೂ ಹಳಿಯುತ್ತಿಲ್ಲ. ಏಕಾದಶಿಗೆ ಮರುದಿನ ಪಾರಣೆಯುಂಟು. ರಂಜಾನಿನ ರೋಜಾಕ್ಕೆ ಸಂಜೆ ಇಫ್ತಾರ್ ಉಂಟು. ಪಥ್ಯಕ್ಕೆ ಕಾರಣವುಂಟು, ಉಪವಾಸಕ್ಕೆ ಕೊನೆಯುಂಟು. ಕಾರಣವೂ ಕೊನೆಯೂ ಇಲ್ಲದೆ, ಕನ್ನಡಿಗೆ ಹೆದರಿ ಹೊಟ್ಟೆಗೆ ಬೀಗ ಹಾಕುವ ಈ ಹೊಸ ವ್ರತಕ್ಕೆ ಯಾವ ದೇವರು?

ಈ ವ್ರತದ ಭಾರ ಹೆಚ್ಚು ಬೀಳುವುದು ಹೆಣ್ಣುಮಕ್ಕಳ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ನೂಲು ಬಿಚ್ಚುವ ಬಿಸಿನೀರಿನ ಹಬೆಯ ಮುಂದೆ ನಿಲ್ಲುವವಳಿಗೆ, ನಸುಕಿನಲ್ಲೇ ಬಸ್ಸು ಹಿಡಿದು ಗಾರ್ಮೆಂಟ್ಸಿಗೆ ಹೋಗುವವಳಿಗೆ, ಇನ್ನೂ ಕಡಿಮೆ ತಿನ್ನು ಎಂದು ಹೇಳುವ ಬಾಯಿಗೆ ನಾಚಿಕೆಯಿಲ್ಲವೇ?

ರಾಗಿಗೆ ಮತ್ತೆ ಅವಮಾನ

ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿದರು. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಕೆಟ್ಟಿತು, ರಾಗಿ ನಿಂತಿತು. ಆದರೂ ರಾಗಿ ಬಹುಕಾಲ ಬಡವರ ಹಿಟ್ಟೆಂದೇ ತಾತ್ಸಾರಕ್ಕೆ ಗುರಿಯಾಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಅದೇ ರಾಗಿ ಬಿಸ್ಕತ್ತಾಗಿ, ಮಿನುಗುವ ಪೊಟ್ಟಣದಲ್ಲಿ ದೊಡ್ಡ ಮಳಿಗೆಗಳ ಗಾಜಿನ ಬೀರು ಸೇರಿದೆ. ಕೂಲಿಯವನ ತಟ್ಟೆಯಲ್ಲಿದ್ದರೆ ‘ಪಿಷ್ಟ, ಬಿಡು’. ಸಾಹುಕಾರನ ಪೊಟ್ಟಣದಲ್ಲಿದ್ದರೆ ‘ಸತ್ವ, ಕೊಳ್ಳು’! ಇದೆಂಥ ನ್ಯಾಯ?

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವುಂಟು. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮುದ್ದೆಯ ಜೊತೆಗೆ ಸೊಪ್ಪಿನ ಬಸ್ಸಾರೋ, ಹುರುಳಿ ಸಾರೋ, ಅವರೆಕಾಳೋ ಇದ್ದರೆ ಬಡವನ ತಟ್ಟೆಗೆ ಪುಡಿಯ ಹಂಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಧಾನ್ಯ, ಬೇಳೆ, ತರಕಾರಿ, ಸೊಪ್ಪುಗಳ ಮಿಶ್ರ ಊಟವನ್ನೇ ಹೇಳಿತು. ಮೈಕಟ್ಟಿಗಾಗಿ ಪ್ರೊಟೀನ್ ಪುಡಿ ತಿನ್ನುವುದು ಬೇಡವೆಂದಿತು. ಎಣ್ಣೆ, ಉಪ್ಪು, ಸಕ್ಕರೆ ಹಿಡಿತದಲ್ಲಿರಲಿ. ಹೊತ್ತಿಗೆ ಸರಿಯಾಗಿ, ಕೂತು, ಹಸಿವು ಅಡಗುವಷ್ಟು ಉಣ್ಣಿ. ಸಾಕೆನಿಸಿದಾಗ ಕೈ ತೊಳೆಯಿರಿ. ಊಟ ಬಲ್ಲವನಿಗೆ ರೋಗವಿಲ್ಲ ಎಂದರು ಹಿರಿಯರು. ಊಟ ಬಿಟ್ಟವನಿಗೆ ಎನ್ನಲಿಲ್ಲ.

ಕೂತು ಉಣ್ಣಲು ಹೊತ್ತೆಲ್ಲಿ?

ಇಲ್ಲಿಯೇ ನಿಜವಾದ ಪ್ರಶ್ನೆ ಏಳುತ್ತದೆ. ಬನ್ನು-ಟೀಯಲ್ಲಿ ಹಗಲು ಕಳೆಯುವವನು ಸೋಮಾರಿತನದಿಂದ ಹಾಗೆ ಮಾಡುತ್ತಿಲ್ಲ, ಬಿಡುವಿಲ್ಲದೆ ಮಾಡುತ್ತಿದ್ದಾನೆ. 5 ಗಂಟೆ ದುಡಿತದೊಳಗೆ ಅರ್ಧ ಗಂಟೆ ಬಿಡುವು ಕೊಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತ್ತು. 2023ರಲ್ಲಿ ನಮ್ಮ ರಾಜ್ಯದ ಶಾಸನಸಭೆ, ವಾರದ 48 ಗಂಟೆಯ ಮಿತಿಯೊಳಗೆ, ದಿನದ ದುಡಿತವನ್ನು 12 ಗಂಟೆಗೆ ಹಿಗ್ಗಿಸಲು ಬಾಗಿಲು ತೆರೆಯಿತು. 2025ರ ನವೆಂಬರ್ 21ರಂದು ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಸಂಹಿತೆ 100 ಮಂದಿ ದುಡಿಯುವಲ್ಲಿ ಕ್ಯಾಂಟೀನು ಇರಬೇಕೆನ್ನುತ್ತದೆ. ಹತ್ತಿಪ್ಪತ್ತು ಜನರ ಬಿಚ್ಚಾಣಿಕೆ ಘಟಕಕ್ಕೆ, ಬೊಂಬೆ ಕೆತ್ತುವ ಮನೆಗೆ ಆ ಭಾಗ್ಯವೂ ಇಲ್ಲ.

ಸಣ್ಣ ವರ್ತಕ ಬಂಧುಗಳಿಗೂ ಒಂದು ಮಾತು. ಪುಡಿ ಕಂಪನಿಗಳು ನಿಮ್ಮನ್ನೇ ಏಜೆಂಟರನ್ನಾಗಿಸಿ, ನಿಮ್ಮ ಕೈಯಿಂದಲೇ ನಿಮ್ಮ ನೆಂಟರಿಷ್ಟರಿಗೆ ಡಬ್ಬಿ ದಾಟಿಸುತ್ತವೆ. ಸರಕು ಮಾರುವ ಬದಲು ಜನರನ್ನು ಸೇರಿಸಿ ಕಮಿಷನ್ ಎಣಿಸುವ ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ ಎಂಬುದನ್ನು ಮರೆಯಕೂಡದು. ನಿಮ್ಮ ತಕ್ಕಡಿ ರಾಗಿ, ಹುರುಳಿ, ಅವರೆಯನ್ನು ತೂಗಿದ ತಕ್ಕಡಿ. ನೆರೆಯವನ ಹಸಿವನ್ನು ಅದರಲ್ಲಿ ತೂಗಬೇಡಿ.

ಆದ್ದರಿಂದ ನಮ್ಮ ಒತ್ತಾಯ:

1. ಪ್ರತಿ ಪಾಳಿಯಲ್ಲೂ ಪೂರ್ತಿ ಅರ್ಧ ಗಂಟೆಯ ಊಟದ ಬಿಡುವು ಸಿಗಬೇಕು. ಅದನ್ನು ಕದಿಯುವುದು ಕೂಲಿ ಕದ್ದಂತೆ.

2. ಸಣ್ಣ ಘಟಕಗಳ ಕಾರ್ಮಿಕರಿಗಾಗಿ ನಗರಸಭೆ, ಪುರಸಭೆಗಳು ಕೈಗೆಟಕುವ ಬೆಲೆಗೆ ಮುದ್ದೆ-ಸೊಪ್ಪಿನ ಸಾರು ಕೊಡುವ ಭೋಜನಶಾಲೆ ತೆರೆಯಬೇಕು.

3. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಜೊತೆಗೆ ರಾಗಿಯೂ ಬೇಳೆಯೂ ವರ್ಷವಿಡೀ ಸಿಗಬೇಕು.

ದುಡಿಯುವ ದೇಹ ಯಾರಿಗೂ ಕ್ಷಮಾಪಣೆ ಕೇಳಬೇಕಾಗಿಲ್ಲ. ಡಬ್ಬಿ ಎಸೆಯಿರಿ, ಒಲೆ ಹೊತ್ತಿಸಿ, ತಟ್ಟೆಯ ಮುಂದೆ ತಲೆಯೆತ್ತಿ ಕೂರಿರಿ. ಉಂಡ ಕೈ ತೊಳೆದು, ಆ ಕೈಯನ್ನೇ ಈ ಹಕ್ಕುಗಳಿಗಾಗಿ ಎತ್ತಿರಿ.