ಬಾಲವುಳ್ಳ ಬೀಜ, ಬಾಲವಿಲ್ಲದ ಬೀಜ

ರೋಣ, ನರಗುಂದ, ಗಜೇಂದ್ರಗಡಗಳಿಗೆ ಸಮುದ್ರವು ದೂರ. ಆದರೂ ಮಲಪ್ರಭೆಯ ದಂಡೆಯ ಏಡಿಯು ಕಡಲೇಡಿಯ ದಾಯಾದಿಯೇ. 1677ರಲ್ಲಿ ಹಾಲೆಂಡಿನ ಲೇವನ್‌ಹುಕನು ಸೂಕ್ಷ್ಮದರ್ಶಕದಲ್ಲಿ ಕಂಡ ರೇತಃಕಣಗಳಿಗೆ ಬಾಲವಿದ್ದಿತು. ಎಲ್ಲ ಪ್ರಾಣಿಗಳಲ್ಲಿಯೂ ಹಾಗಿಲ್ಲ. ಏಡಿಯ ಗಂಡು ರೇತಸ್ಸನ್ನು ಹೆಣ್ಣಿನ ಒಡಲಲ್ಲಿಯೇ ಇರಿಸುವದು. ಅದರ ಕಣವು ಬಾಲವಿಲ್ಲದ, ಈಜಲಾರದ ಮುಳ್ಳಿನ ಉಂಡೆ. ಸೀಗಡಿಯದು ಮೊಳೆಯಂತಿರುವದು. ಅಘನಾಶಿನಿಯ ಅಳಿವೆಯ ಬಳಚುಗಳಾದರೋ ರೇತಸ್ಸನ್ನೂ ತತ್ತಿಯನ್ನೂ ನೀರಿಗೇ ಚೆಲ್ಲುವವು. ಅಲ್ಲಿ ಕಣವು ಬಾಲವಾಡಿಸಿ ಈಜಿಯೇ ತತ್ತಿಯನ್ನು ಸೇರಬೇಕು. ಅದರ ಆಯುಷ್ಯವು ಅಲ್ಪ, ನೀರು ಅಪಾರ. ಆದುದರಿಂದ ಬಳಚುಗಳನ್ನು ಬಳಿದು ತೆಗೆದರೆ, ದೂರದೂರ ಉಳಿದ ಒಂದೆರಡು ಬದುಕಿದ್ದೂ ಸಂತಾನಹೀನವಾಗುವವು. ಬಿತ್ತನೆಗೆ ಜೋಳವನ್ನು ತೆಗೆದಿಟ್ಟು ಉಣ್ಣುವ ನಮ್ಮ ಒಕ್ಕಲಿಗರಿಗೆ ಈ ನೀತಿಯನ್ನು ಬಿಡಿಸಿ ಹೇಳಬೇಕಾದುದಿಲ್ಲ.